ಅಪ್ಪನ ಕೆಲಸ ಮಾಡಿದ ಗೆಳೆಯ

'ಸ್ಟ್ಯಾಂಡ್ ಬೈ ಮಿ' ಸಿನಿಮಾ ಬಗ್ಗೆ ಮಾತು ಬಂದ್ರೆ ಸಾಕು, ನೋಡಿರೋರೆಲ್ಲ ನೇರ ಅದರ ಕೊನೇ ಸಾಲಿಗೆ ಹೋಗ್ಬಿಡ್ತಾರೆ, ಹನ್ನೆರಡನೇ ವಯಸ್ಸಲ್ಲಿ ಇದ್ದಂಥ ಗೆಳೆಯರು ಆಮೇಲೆ ಯಾವತ್ತೂ ಸಿಗ್ಲಿಲ್ಲ ಅಂತ ಕಥೆಗಾರ ಕಂಪ್ಯೂಟರಲ್ಲಿ ಟೈಪ್ ಮಾಡ್ತಾನಲ್ಲ, ಅದಕ್ಕೆ. ಎದೆಗೆ ನಾಟೋ ಮಾತೇ, ಇಲ್ಲ ಅನ್ನಲ್ಲ. ಆದ್ರೆ ಅದೊಂದನ್ನೇ ಹಿಡ್ಕೊಂಡು ಇಡೀ ಸಿನಿಮಾನ 'ಬಾಲ್ಯದ ಸವಿನೆನಪು' ಅಂತ ಮುಗಿಸಿಬಿಟ್ರೆ ನಂಗೆ ಸಂಕಟ ಆಗುತ್ತೆ. ಯಾಕಂದ್ರೆ ಅದರಲ್ಲಿರೋ ಬಾಲ್ಯದಲ್ಲಿ ಸವಿ ತುಂಬಾ ಕಮ್ಮಿ. ನಾಲ್ಕು ಹುಡುಗ್ರಿದಾರೆ, ಆ ನಾಲ್ವರಲ್ಲಿ ಒಬ್ಬನಿಗೂ ಪಕ್ಕದಲ್ಲಿ ಕೂರಿಸ್ಕೊಂಡು ಏನಾಯ್ತು ಕಣೋ ಅಂತ ಕೇಳೋ ದೊಡ್ಡೋರು ತೆರೆ ಮೇಲೆ ಎಲ್ಲೂ ಕಾಣಲ್ಲ. ಅವರು ಒಬ್ಬರನ್ನೊಬ್ರು ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿರೋದು ಅದಕ್ಕೇ ಅಂತ ನನ್ನ ನಂಬಿಕೆ. ಇಲ್ಲಿ ಗೆಳೆತನ ಬರೀ ಆಟ ಅಲ್ಲ, ಅಪ್ಪ ಅಮ್ಮ ಮಾಡ್ಬೇಕಾಗಿದ್ದ ಕೆಲಸನ ಮಕ್ಕಳೇ ಹೊತ್ಕೊಂಡು ಮಾಡ್ತಿರ್ತಾರೆ, ಅದೂ ತಾವದನ್ನ ಮಾಡ್ತಿದೀವಿ ಅನ್ನೋ ಅರಿವೂ ಇಲ್ದೆ.

ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ಬಿಡ್ತೀನಿ. 1959ರ ಬೇಸಿಗೆ ಕೊನೆ, ಅಮೆರಿಕದ ಆರಿಗಾನ್ ರಾಜ್ಯದಲ್ಲಿ ಕ್ಯಾಸಲ್ ರಾಕ್ ಅನ್ನೋ ಕಾಲ್ಪನಿಕ ಊರು, ಜನಸಂಖ್ಯೆ 1,281. ಗಾರ್ಡಿ, ಕ್ರಿಸ್, ಟೆಡ್ಡಿ, ವರ್ನ್ ಅನ್ನೋ ನಾಲ್ಕು ಹುಡುಗ್ರು, ವರ್ನ್ ಬಿಟ್ಟು ಉಳಿದ ಮೂವರು ಮರದ ಮೇಲೆ ಕಟ್ಕೊಂಡಿರೋ ಗುಡಿಸಲಲ್ಲಿ ಇಸ್ಪೀಟಾಡ್ತಾ ಕೂತಿರ್ತಾರೆ. ವರ್ನ್ ಓಡಿ ಬಂದು ಒಂದು ಸುದ್ದಿ ಹೇಳ್ತಾನೆ: ಬ್ಲೂಬೆರಿ ಕೀಳೋಕೆ ಹೋಗಿ ಕಾಣೆಯಾಗಿದ್ದ ರೇ ಬ್ರೋವರ್ ಅನ್ನೋ ಹುಡುಗ ರೈಲಿಗೆ ಸಿಕ್ಕಿ ಸತ್ತಿದಾನೆ, ಹೆಣ ಎಲ್ಲಿದೆ ಅಂತ ನಮ್ಮಣ್ಣ ಮಾತಾಡ್ತಿದ್ದಿದ್ದನ್ನ ಕದ್ದು ಕೇಳಿಸ್ಕೊಂಡೆ ಅಂತ. ಸರಿ, ಹೆಣ ಹುಡುಕಿದ್ರೆ ಪೇಪರಲ್ಲಿ ಬರ್ತೀವಿ, ಟೀವಿಲಿ ಬರ್ತೀವಿ, ಹೀರೋಗಳಾಗ್ತೀವಿ ಅಂತ ಮನೇಲಿ ಏನೋ ಸುಳ್ಳು ಹೇಳಿ ರೈಲ್ವೆ ಹಳಿ ಹಿಡ್ಕೊಂಡು ನಡೆಯೋಕೆ ಶುರು ಮಾಡ್ತಾರೆ. ಎರಡು ದಿನದ ನಡಿಗೆ. ಕಥೆ ಇಷ್ಟೇ, 90 ನಿಮಿಷಕ್ಕೂ ಮುಂಚೆ ಮುಗಿದುಹೋಗುತ್ತೆ.

ಇದು ಸ್ಟೀಫನ್ ಕಿಂಗ್ 1982ರಲ್ಲಿ ತಂದ ಸಂಕಲನದ ಒಂದು ನೀಳ್ಗತೆಯಿಂದ ಬಂದಿದ್ದು, ಮೂಲದ ಹೆಸರು 'ದಿ ಬಾಡಿ'. ನಿರ್ದೇಶಕ ರಾಬ್ ರೈನರ್. ಆ ಹೆಸರೇ ಇಟ್ರೆ ಜನ ಹಾರರ್ ಸಿನಿಮಾ ಅಂದ್ಕೋತಾರೆ ಅಂತ ಬೆನ್ ಇ. ಕಿಂಗ್ ಅವರ 1961ರ ಹಾಡಿನ ಹೆಸರು ಇಟ್ರು, ಸಿನಿಮಾ 1986ರಲ್ಲಿ ಬಂದ್ಮೇಲೆ ಆ ಹಳೇ ಹಾಡು ಮತ್ತೆ ಅಮೆರಿಕದ ಟಾಪ್ ಟೆನ್‌ಗೆ ಬಂತು. ಸಿನಿಮಾ ಆಗೋದೇ ಅನುಮಾನ ಇತ್ತು ಅನ್ನೋದು ಇನ್ನೊಂದು ವಿಷ್ಯ: ಶೂಟಿಂಗ್ ಶುರುವಾಗೋ ಹೊತ್ತಿಗೆ ನಿರ್ಮಾಣ ಸಂಸ್ಥೆ ಬೇರೆಯವರ ಕೈಗೆ ಹೋಗಿ, ಹೊಸ ಮಾಲೀಕರು ನಮಗೆ ಬೇಡ ಅಂದಾಗ, ಟೀವಿ ನಿರ್ಮಾಪಕ ನಾರ್ಮನ್ ಲಿಯರ್ ಸ್ವಂತ ದುಡ್ಡು ಹಾಕಿ ಉಳಿಸ್ಕೊಂಡ್ರು.

ಈಗ ಗಾರ್ಡಿ ಮನೆಗೆ ಬರೋಣ. ಏಪ್ರಿಲಲ್ಲಿ ಅವನ ಅಣ್ಣ ಡೆನ್ನಿ ಜೀಪ್ ಅಪಘಾತದಲ್ಲಿ ಸತ್ತಿದಾನೆ, ನಾಲ್ಕು ತಿಂಗಳಾದ್ರೂ ಆ ಮನೆ ಅಲ್ಲೇ ನಿಂತ್ಬಿಟ್ಟಿದೆ. ಅಮ್ಮ ಬೇರೆ ಯಾವುದೋ ಲೋಕದಲ್ಲಿದಾಳೆ. ಅಪ್ಪ ಮಾತಾಡಿದ್ರೆ ಬೈಯೋಕೆ, ನಿಂಗೆ ಡೆನ್ನಿ ಗೆಳೆಯರಂಥ ಗೆಳೆಯರು ಯಾಕಿಲ್ಲ, ಒಬ್ಬ ಕಳ್ಳ ಇಬ್ರು ಪೆದ್ದರ ಜೊತೆ ಯಾಕೆ ತಿರುಗ್ತೀಯ ಅಂತ. ಒಂದು ಫ್ಲ್ಯಾಶ್‌ಬ್ಯಾಕಲ್ಲಿ ಊಟದ ಮೇಜಿನ ದೃಶ್ಯ ಬರುತ್ತೆ. ಡೆನ್ನಿ (ಜಾನ್ ಕ್ಯೂಸ್ಯಾಕ್ ಮಾಡಿರೋದು, ಬಂದು ಹೋಗೋದು ಸ್ವಲ್ಪವೇ ಹೊತ್ತು, ಆದ್ರೆ ಆ ಪ್ರೀತಿ ಮರೆಯೋಕಾಗಲ್ಲ) ಅಪ್ಪನ ಹತ್ರ ಗಾರ್ಡಿ ಬರೆದ ಕಥೆ ಓದಿದ್ರಾ, ತುಂಬಾ ಚೆನ್ನಾಗಿದೆ ಅಂತ ಮತ್ತೆ ಮತ್ತೆ ಹೇಳೋಕೆ ನೋಡ್ತಾನೆ, ಅಪ್ಪಂಗೆ ಫುಟ್ಬಾಲ್ ಬಿಟ್ಟು ಇನ್ನೇನೂ ಕಿವಿಗೆ ಬೀಳಲ್ಲ. ಗಾರ್ಡಿಯನ್ನ ಆ ಮನೇಲಿ ನೋಡ್ತಿದ್ದ ಒಂದೇ ಜೊತೆ ಕಣ್ಣು ಡೆನ್ನಿದು, ಅದೂ ಈಗ ಇಲ್ಲ. ದಾರಿ ಮಧ್ಯೆ ಸಾಮಾನು ತರೋಕೆ ಅಂಗಡಿಗೆ ಹೋದ್ರೆ ಅಲ್ಲೂ ಅದೇ ಪಾಡು: ನೀನು ಡೆನ್ನಿ ತಮ್ಮ ಅಲ್ವಾ, ನೀನೂ ಫುಟ್ಬಾಲ್ ಆಡ್ತೀಯಾ, ಇಲ್ವಾ, ಮತ್ತೇನ್ ಮಾಡ್ತೀಯ? ಗೊತ್ತಿಲ್ಲ ಅಂತಾನೆ ಗಾರ್ಡಿ. ಕಥೆ ಬರೀತೀನಿ ಅಂತ ಹೇಳಲ್ಲ. ವಿಲ್ ವೀಟನ್ ಆ ಕ್ಷಣ ಮುಖನ ಖಾಲಿ ಇಟ್ಕೋತಾನಲ್ಲ, ಅದರಲ್ಲಿ ಇಡೀ ಪಾತ್ರ ಕಾಣುತ್ತೆ ನಂಗೆ.

ರೈನರ್ ಅಪ್ಪ ಕಾರ್ಲ್ ರೈನರ್ ಅಮೆರಿಕದಲ್ಲಿ ಬಹಳ ದೊಡ್ಡ ಹೆಸರಿನ ಹಾಸ್ಯ ಕಲಾವಿದ, ನಿರ್ದೇಶಕ. ಅಪ್ಪ ನನ್ನನ್ನ ನಿಜವಾಗ್ಲೂ ಅರ್ಥ ಮಾಡ್ಕೊಂಡಿದಾರಾ ಅನ್ನೋ ತನ್ನೊಳಗಿನ ಹಳೇ ಪ್ರಶ್ನೆಯಿಂದಲೇ ಗಾರ್ಡಿ ಈ ಸಿನಿಮಾದ ನಡುವಿಗೆ ಬಂದ ಅಂತ ರೈನರ್ ಆಮೇಲೆ ಹಲವು ಸಲ ಹೇಳ್ಕೊಂಡಿದಾರೆ. ಅದು ತೆರೆ ಮೇಲೆ ಗೊತ್ತಾಗುತ್ತೆ. ಅಪ್ಪ ಇಲ್ಲಿ ಹೊಡೆಯೋನಲ್ಲ, ಕುಡುಕ ಅಲ್ಲ, ದುಃಖದಲ್ಲಿ ಮುಳುಗಿರೋ ಸಾಮಾನ್ಯ ಮನುಷ್ಯ. ಅಂಥ ಅಪ್ಪನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಮಗುಗೆ ದಾರಿ ಇಲ್ಲ, ಅದಕ್ಕೆ ಅದು ತನ್ನ ಮೇಲೇ ತಿರುಗ್ಸಿಕೊಳ್ಳುತ್ತೆ. ಗಾರ್ಡಿಗೆ ಕನಸಲ್ಲಿ ಅಣ್ಣನ ಅಂತ್ಯಕ್ರಿಯೆ ಬರುತ್ತೆ, ಅಪ್ಪ ಹೆಗಲ ಮೇಲೆ ಕೈ ಇಟ್ಟು, ಅವನ ಜಾಗದಲ್ಲಿ ನೀನಿರಬೇಕಿತ್ತು ಅಂತಾರೆ. ಹೆಗಲ ಮೇಲೆ ಕೈ ಇಟ್ಟು ಹೇಳ್ತಾರೆ, ಅದನ್ನ ಗಮನಿಸಿ. ಇಡೀ ಸಿನಿಮಾದಲ್ಲಿ ಆ ಅಪ್ಪ ಆ ಮಗನನ್ನ ಮುಟ್ಟೋದನ್ನ ನಾವು ನೋಡೋದು ಕೆಟ್ಟ ಕನಸಲ್ಲಿ ಮಾತ್ರ.

ಆ ಹೆಗಲ ಮೇಲೆ ನಿಜವಾಗಿ ಕೈ ಇಡೋದು ಕ್ರಿಸ್ ಚೇಂಬರ್ಸ್. ಅವನೂ ಹನ್ನೆರಡು ವರ್ಷದೋನೇ. ಅಪ್ಪ ಕುಡುಕ, ಅಣ್ಣ ಪುಂಡರ ಗ್ಯಾಂಗಲ್ಲಿ ಒಬ್ಬ, ಚೇಂಬರ್ಸ್ ಮನೆತನ ಅಂದ್ರೇನೇ ಊರಲ್ಲಿ ಎಲ್ರೂ ಮೂಗು ಮುರಿಯೋರು, ಈ ಹುಡುಗನೂ ಹಾಳಾಗೇ ಆಗ್ತಾನೆ ಅಂತ ಅವನೂ ಸೇರಿ ಎಲ್ರೂ ಒಪ್ಕೊಂಡಾಗಿದೆ. ಹಳಿ ಮೇಲೆ ನಡೀತಾ ಅವರಿಬ್ರೂ ಮುಂದೆ ಶುರುವಾಗೋ ಸ್ಕೂಲ್ ಬಗ್ಗೆ ಮಾತಾಡೋ ಒಂದು ದೃಶ್ಯ ಇದೆ, ನನ್ನ ಪ್ರಕಾರ ಸಿನಿಮಾದ ಪ್ರಾಣ ಇರೋದು ಅಲ್ಲಿ. ಜಿಗಣೆ ಸೀನ್, ರೈಲಿನ ಸೀನ್ ಎಲ್ರಿಗೂ ನೆನಪಿರುತ್ತೆ, ಇದನ್ನ ಯಾರೂ ಎತ್ತಲ್ಲ. ಕ್ರಿಸ್ ಹೇಳೋದೇನಂದ್ರೆ, ನೀನು ಕಾಲೇಜಿಗೆ ಹೋಗೋ ಕೋರ್ಸ್ ತಗೋತೀಯ, ನಾನು ಟೆಡ್ಡಿ ವರ್ನ್ ಎಲ್ಲ ಕೈಕೆಲಸದ ಕ್ಲಾಸಲ್ಲಿ ಆಶ್‌ಟ್ರೇ, ಹಕ್ಕಿಗೂಡು ಮಾಡ್ತಾ ಇರ್ತೀವಿ, ನಿಂಗೆ ಹೊಸ ಬುದ್ಧಿವಂತ ಗೆಳೆಯರು ಸಿಗ್ತಾರೆ. ಗಾರ್ಡಿ ಒಪ್ಪಲ್ಲ, ನಾನೂ ನಿಮ್ಮ ಜೊತೇನೇ ಇರ್ತೀನಿ, ಬರೆಯೋದೆಲ್ಲ ಟೈಮ್ ವೇಸ್ಟ್ ಅಂತಾನೆ. ಕ್ರಿಸ್‌ಗೆ ಸಿಟ್ಟೇ ಬರುತ್ತೆ. ಅದು ನಿಮ್ಮಪ್ಪ ಮಾತಾಡ್ತಿರೋದು, ನೀನಲ್ಲ ಅಂತಾನೆ, ನಾನು ನಿಮ್ಮಪ್ಪ ಆಗಿದ್ರೆ ನೀನು ಹೀಗೆಲ್ಲ ಮಾತಾಡ್ತಿರಲಿಲ್ಲ ಅಂತಾನೆ. ದೇವರು ನಿಂಗೊಂದು ಕೊಟ್ಟಿದಾನೆ, ಆದ್ರೆ ಯಾರಾದ್ರೂ ಕಾಯ್ದೇ ಇದ್ರೆ ಮಕ್ಕಳು ಎಲ್ಲಾನೂ ಕಳ್ಕೋತಾರೆ, ನಿಮ್ಮನೇಲಿ ಕಾಯೋರು ಇಲ್ಲ ಅಂದ್ರೆ ಆ ಕೆಲಸ ನಾನೇ ಮಾಡ್ಬೇಕೇನೋ ಅಂತ.

ಸ್ವಲ್ಪ ಯೋಚ್ನೆ ಮಾಡಿ ನೋಡಿ, ಹನ್ನೆರಡು ವರ್ಷದ ಹುಡುಗ ಒಬ್ಬ ತನ್ನ ಜೀವದ ಗೆಳೆಯನಿಗೆ ನನ್ನ ಬಿಟ್ಟು ಹೋಗು ಅಂತ ಹೇಳ್ತಿದಾನೆ. ಆ ವಯಸ್ಸಲ್ಲಿ ಗೆಳೆತನ ಅಂದ್ರೆ ಅಂಟ್ಕೊಂಡಿರೋದು, ಅವನು ಇನ್ನೊಬ್ಬನ ಜೊತೆ ಹೋದ್ರೆ ಹೊಟ್ಟೆ ಉರ್ಕೊಳ್ಳೋದು, ಬೆಂಚಲ್ಲಿ ಜಾಗ ಹಿಡಿಯೋದು, ನಾವೆಲ್ಲ ಅಷ್ಟೇ ತಾನೇ. ಇವನು ಅಲ್ಲಿಂದ ದಾಟ್ಬಿಟ್ಟಿದಾನೆ. ಈ ಗೆಳೆತನ ನಿನ್ನನ್ನ ಕೆಳಗೆ ಎಳೆಯುತ್ತೆ ಅಂತಾದ್ರೆ ಗೆಳೆತನ ಬೇಡ, ನೀನು ಉಳಿ ಅಂತಾನೆ. ಸಿನಿಮಾದಲ್ಲಿ ಯಾರೋ ದೊಡ್ಡೋರಾಗೋ ಕ್ಷಣ ಅಂತ ಒಂದಿದ್ರೆ ಅದು ಇದು. ಹೆಣ ನೋಡಿ ದೊಡ್ಡೋರಾದ್ರು ಅಂತ ಎಲ್ರೂ ಬರೀತಾರೆ, ಹೆಣದ ಹತ್ರ ಹೋಗೋ ಮುಂಚೇನೇ ಕ್ರಿಸ್ ದೊಡ್ಡೋನಾಗಿದ್ದ, ಆಗ್ಲೇಬೇಕಾಗಿತ್ತು ಅವನಿಗೆ, ಬೇರೆ ಯಾರೂ ಇರ್ಲಿಲ್ಲ.

ಮತ್ತೆ ಆ ರಾತ್ರಿ ಬೆಂಕಿ ಮುಂದಿನ ದೃಶ್ಯ. ಹಗಲೆಲ್ಲ ಇನ್ನೊಬ್ಬರಿಗೆ ಅಪ್ಪ ಆಗಿದ್ದೋನು ರಾತ್ರಿ ಕುಸೀತಾನೆ. ಸ್ಕೂಲಲ್ಲಿ ಹಾಲಿನ ದುಡ್ಡು ಕದ್ದ ಅಂತ ಅವನನ್ನ ಮೂರು ದಿನ ಹೊರಗೆ ಹಾಕಿರ್ತಾರೆ, ಊರಿಗೆಲ್ಲ ಗೊತ್ತು. ಯಾರಿಗೂ ಗೊತ್ತಿಲ್ಲದ್ದನ್ನ ಗಾರ್ಡಿ ಒಬ್ಬನಿಗೇ ಹೇಳ್ತಾನೆ: ಹೌದು ತಗೊಂಡಿದ್ದೆ, ಆದ್ರೆ ಮನಸ್ಸು ತಡೀದೆ ಟೀಚರ್‌ಗೆ ವಾಪಸ್ ಕೊಟ್ಟಿದ್ದೆ, ಆದ್ರೂ ನಂಗೆ ಶಿಕ್ಷೆ ಆಯ್ತು, ಆ ದುಡ್ಡು ಆಚೆ ಬರ್ಲೇ ಇಲ್ಲ, ಮುಂದಿನ ವಾರ ಟೀಚರ್ ಹೊಸ ಸ್ಕರ್ಟ್ ಹಾಕ್ಕೊಂಡು ಬಂದ್ರು. ಚೇಂಬರ್ಸ್ ಹುಡುಗ ಹೇಳಿದ್ರೆ ಯಾರು ನಂಬ್ತಾರೆ? ಒಬ್ಬ ಟೀಚರ್ ಹಿಂಗೆ ಮಾಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ ಅಂತ ಅಳ್ತಾನೆ, ಯಾರಿಗೂ ನನ್ನ ಪರಿಚಯ ಇಲ್ಲದ ಕಡೆ ಹೊರಟುಹೋಗ್ಬೇಕು ಅಂತಾನೆ. ಈ ದೃಶ್ಯಕ್ಕೆ ಮುಂಚೆ ರೈನರ್, ದೊಡ್ಡೋರೊಬ್ರು ನಿನ್ನ ಕೈಬಿಟ್ಟ ಒಂದು ಘಟನೆ ನೆನಪಿಸ್ಕೋ, ಅದೇನು ಅಂತ ನಂಗೆ ಹೇಳೋದು ಬೇಡ ಅಂದ್ರಂತೆ. ಕ್ರಿಸ್ ಪಾತ್ರ ಮಾಡಿದ ರಿವರ್ ಫೀನಿಕ್ಸ್ ಏನನ್ನ ನೆನಪಿಸ್ಕೊಂಡ ಅಂತ ಕೇಳ್ಬಾರ್ದು, ಕೇಳೋ ಹಕ್ಕೂ ನಮಗಿಲ್ಲ, ಆದ್ರೆ ಆ ಅಳು ನಟನೆ ಕಲಿತ ಅಳು ಅಲ್ಲ. ಉಸಿರು ಕಟ್ಟಿ, ಮಾತು ತುಂಡಾಗಿ, ಮುಖ ಮುಚ್ಕೊಳ್ಳೋಕೆ ಹೋಗಿ ಆಗ್ದೆ, ನೋಡೋಕೆ ಕಷ್ಟ ಆಗುತ್ತೆ. ಗಾರ್ಡಿ ಬುದ್ಧಿಮಾತು ಏನೂ ಹೇಳಲ್ಲ, ಪಕ್ಕದಲ್ಲಿ ಇರ್ತಾನೆ ಅಷ್ಟೇ, ಆ ಹೊತ್ತಿಗೆ ಬೇಕಾಗಿದ್ದೂ ಅಷ್ಟೇ.

ಟೆಡ್ಡಿ ಬಗ್ಗೆ ಹೇಳ್ದೆ ಹೋದ್ರೆ ಅನ್ಯಾಯ ಆಗುತ್ತೆ. ಅವನ ಅಪ್ಪ ಮನಸ್ಸು ಕೆಟ್ಟು, ಮಗನ ಕಿವಿನ ಒಲೆಗೆ ಒತ್ತಿ ಸುಟ್ಟಿದಾನೆ. ಅದೇ ಅಪ್ಪ ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿ ತೀರದಲ್ಲಿ ಇಳಿದ ಸೈನಿಕ. ಗುಜರಿ ಯಾರ್ಡಿನ ಮಾಲೀಕ ಬೇಲಿ ಆಚೆ ನಿಂತು ನಿಮ್ಮಪ್ಪ ಹುಚ್ಚ ಅಂತ ಬೈದಾಗ ಟೆಡ್ಡಿ ಬೇಲಿ ಹತ್ತೋಕೆ ಹೋಗ್ತಾನೆ, ನಮ್ಮಪ್ಪ ನಾರ್ಮಂಡಿಲಿ ಹೋರಾಡಿದೋನು ಅಂತ ಕಿರುಚ್ತಾನೆ, ಮೂರೂ ಜನ ಹಿಡ್ಕೊಂಡು ಎಳ್ಕೊಂಡು ಹೋಗ್ಬೇಕಾಗುತ್ತೆ. ಕಿವಿ ಸುಟ್ಟೋನನ್ನ ಯಾಕಪ್ಪ ಇಷ್ಟು ಪ್ರೀತಿಸ್ತೀಯ ಅಂತ ಯಾರೂ ಕೇಳಲ್ಲ, ನಡೆದ ಯುದ್ಧದ ಬಗ್ಗೆ, ಆ ಯುದ್ಧ ಮನೆಗೆ ಹೊತ್ಕೊಂಡು ಬಂದ ಗಾಯದ ಬಗ್ಗೆ 1959ರ ಆ ಊರಲ್ಲಿ ಮಾತಾಡೋ ಭಾಷೆನೇ ಇರ್ಲಿಲ್ಲ. ಆಮೇಲೆ ಸ್ವಲ್ಪ ದೂರ ನಡೆದು ಟೆಡ್ಡಿ ಅಳ್ತಾ, ನಿಮ್ಮೆಲ್ಲರ ಖುಷಿ ಹಾಳು ಮಾಡ್ಬಿಟ್ಟೆ ಸಾರಿ ಅಂತಾನೆ. ಕೋರಿ ಫೆಲ್ಡ್‌ಮನ್ ಆ ಮಾತು ಹೇಳೋವಾಗ ನಂಗೆ ಪ್ರತಿ ಸಲ ಗಂಟಲು ಕಟ್ಟುತ್ತೆ. ನೋವಲ್ಲಿರೋ ಮಗು ಮೊದಲು ಕೇಳೋದು ಕ್ಷಮೆ.

ರೈಲು ಸೇತುವೆ ದೃಶ್ಯದ ಬಗ್ಗೆ ಎಲ್ರೂ ಬರೆದಿದಾರೆ, ನಾನು ಜಾಸ್ತಿ ಬರೆಯಲ್ಲ. ಊರಿನ ದೃಶ್ಯಗಳನ್ನ ಆರಿಗಾನ್‌ನ ಬ್ರೌನ್ಸ್‌ವಿಲ್‌ನಲ್ಲಿ ತೆಗೆದಿದ್ದು, ಸೇತುವೆ ಮಾತ್ರ ಕ್ಯಾಲಿಫೋರ್ನಿಯಾದ ಬ್ರಿಟನ್ ಸರೋವರದ ಮೇಲಿಂದು. ಉದ್ದ ಲೆನ್ಸ್ ಹಾಕಿ ತೆಗೆದಿದ್ರಿಂದ ದೂರದಲ್ಲಿದ್ದ ರೈಲು ಹುಡುಗರ ಬೆನ್ನಿಗೇ ಬಂದಂಗೆ ಕಾಣುತ್ತೆ. ಅದಕ್ಕಿಂತ ನಂಗೆ ಇಷ್ಟ ಆಗೋ ಸಂಗತಿ ಅಂದ್ರೆ ಶೂಟಿಂಗ್‌ಗೂ ಮುಂಚೆ ರೈನರ್ ನಾಲ್ಕೂ ಹುಡುಗರನ್ನ ಒಟ್ಟಿಗೆ ಸೇರಿಸಿ ದಿನಗಟ್ಟಲೆ ಬರೀ ರಂಗದಾಟ ಆಡ್ಸಿದ್ದು. ಅದಕ್ಕೇ ಅವರು ಸುಮ್ನೆ ನಡೀತಾ ಹರಟೋ ದೃಶ್ಯಗಳೂ ಸುಳ್ಳು ಅನ್ಸಲ್ಲ, ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಬೀಳೋದು, ಅರ್ಥ ಇಲ್ಲದ್ದಕ್ಕೆ ಜಗಳ ಆಡೋದು, ಬಾಚಣಿಗೆ ಬಿದ್ದಿದ್ದಕ್ಕೆ ವರ್ನ್ ಮುಖ ಸಪ್ಪೆ ಮಾಡ್ಕೊಳ್ಳೋದು, ಎಲ್ಲ. ವರ್ನ್ ಪಾತ್ರ ಮಾಡಿದ ಜೆರ್ರಿ ಓ'ಕಾನೆಲ್‌ಗೆ ಆಗ 11 ವರ್ಷ, ರಿವರ್ ಫೀನಿಕ್ಸ್‌ಗೆ 14 ತುಂಬಿ 15ಕ್ಕೆ ಬೀಳ್ತಿತ್ತು. ಆ ವಯಸ್ಸಲ್ಲಿ ಮೂರ್ನಾಲ್ಕು ವರ್ಷದ ಅಂತರ ಅಂದ್ರೆ ಒಂದು ತಲೆಮಾರೇ, ತೆರೆ ಮೇಲೆ ಅದೂ ಕೆಲಸಕ್ಕೆ ಬಂದಿದೆ. ಕ್ರಿಸ್ ಉಳಿದೋರಿಗಿಂತ ಯಾವಾಗ್ಲೂ ಸ್ವಲ್ಪ ದೊಡ್ಡೋನಾಗೇ ಕಾಣ್ತಾನೆ.

ಕೊನೆಗೆ ಹೆಣ ಸಿಗುತ್ತೆ. ಪೊದೆ ಮಧ್ಯೆ, ಕಾಲಲ್ಲಿ ಶೂ ಇಲ್ದೆ, ರೈಲಿನ ಹೊಡೆತಕ್ಕೆ ಶೂ ಕಳಚಿ ಎಲ್ಲೋ ಬಿದ್ದಿರುತ್ತೆ. ತಮ್ಮದೇ ವಯಸ್ಸಿನ ಹುಡುಗ. ಪೇಪರ್ ಟೀವಿ ಹೀರೋ ಎಲ್ಲ ಆ ಕ್ಷಣಕ್ಕೆ ಬಿದ್ದುಹೋಗುತ್ತೆ. ಅಣ್ಣನ ಸಾವಿಗೆ ಅಳದೇ ಇದ್ದ ಗಾರ್ಡಿ ಪರಿಚಯವೇ ಇಲ್ಲದ ಈ ಹುಡುಗನ ಪಕ್ಕ ಕೂತು ಅಳ್ತಾನೆ, ಅಪ್ಪಂಗೆ ನಾನಂದ್ರೆ ದ್ವೇಷ ಅಂತ ಬಾಯಿ ಬಿಟ್ಟು ಹೇಳ್ತಾನೆ. ಕ್ರಿಸ್ ಅವನನ್ನ ತಬ್ಬಿ, ದ್ವೇಷ ಅಲ್ಲ ಕಣೋ, ಅವರಿಗೆ ನೀನು ಯಾರು ಅಂತ ಗೊತ್ತಿಲ್ಲ ಅಷ್ಟೇ ಅಂತಾನೆ, ಮುಂದೆ ಒಂದಿನ ನೀನು ದೊಡ್ಡ ಲೇಖಕ ಆಗ್ತೀಯ ಅಂತಾನೆ, ಬರೆಯೋಕೆ ಏನೂ ಸಿಗದಿದ್ರೆ ನಮ್ಮ ಬಗ್ಗೆ ಬರಿ ಅಂತಾನೆ. ಆ ಊರಲ್ಲಿ ಒಬ್ಬ ದೊಡ್ಡ ಮನುಷ್ಯನೂ ಆ ಹುಡುಗನಿಗೆ ಇಷ್ಟು ಸರಿಯಾದ ಮಾತು ಹೇಳಿರ್ಲಿಲ್ಲ. ಅಪ್ಪನ್ನ ಬೈದೂ ಇಲ್ಲ, ಅಪ್ಪನ ಪರ ವಕಾಲತ್ತೂ ಮಾಡಿಲ್ಲ, ಇದ್ದಿದ್ದನ್ನ ಇದ್ದಂಗೆ ಹೇಳ್ದ.

ಅಷ್ಟ್ರಲ್ಲಿ ಊರಿನ ಪುಂಡರ ನಾಯಕ ಏಸ್ ಮೆರಿಲ್ (ಕೀಫರ್ ಸದರ್ಲ್ಯಾಂಡ್) ಗ್ಯಾಂಗ್ ಬರುತ್ತೆ, ಹೆಣ ನಮ್ಮದು ಅಂತ ಚಾಕು ತೆಗೀತಾನೆ. ಕ್ರಿಸ್ ಅಡ್ಡ ನಿಲ್ತಾನೆ, ನನ್ನ ಕೊಂದೇ ತಗೊಂಡು ಹೋಗ್ಬೇಕು ಅನ್ನೋ ಥರ. ಮೂಲ ಕಥೇಲಿ ಪಿಸ್ತೂಲು ಹಿಡಿಯೋದು ಕ್ರಿಸ್, ಸಿನಿಮಾದಲ್ಲಿ ಗಾರ್ಡಿ. ಈ ಬದಲಾವಣೆ ತುಂಬಾ ಸರಿ ಅಂತ ನನ್ನ ಅಭಿಪ್ರಾಯ, ಪುಸ್ತಕ ಇಷ್ಟಪಡೋ ಕೆಲವರು ಒಪ್ಪದೇ ಇರಬಹುದು. ಎರಡು ದಿನದಿಂದ ಕ್ರಿಸ್ ಅವನನ್ನ ಕಾಯ್ತಾ ಬಂದಿದಾನೆ, ಈಗ ಅವನು ಕ್ರಿಸ್‌ನ ಕಾಯ್ತಾನೆ, ಋಣ ತೀರ್ಸೋ ಲೆಕ್ಕಕ್ಕಲ್ಲ, ಯಾರೋ ತನ್ನನ್ನ ಇಷ್ಟು ಬೆಲೆ ಕೊಟ್ಟು ನೋಡಿದಾರೆ ಅಂತ ಗೊತ್ತಾದ್ಮೇಲೆ ಬರೋ ಧೈರ್ಯ ಅದು. ಹೆಣನ ಅವರೂ ತಗೊಂಡು ಹೋಗಲ್ಲ, ಇವರೂ ಹೀರೋಗಳಾಗಲ್ಲ, ಹೆಸರು ಹೇಳ್ದೆ ಫೋನ್ ಮಾಡಿ ತಿಳಿಸ್ತಾರೆ. ಸತ್ತ ಹುಡುಗನಿಗೆ ಕೊಡಬಹುದಾಗಿದ್ದ ಗೌರವ ಅದೊಂದೇ ಆಗಿತ್ತು.

ವಾಪಸ್ ಬಂದಾಗ ಊರು ಚಿಕ್ಕದಾಗಿ ಕಾಣುತ್ತೆ. ಟೆಡ್ಡಿ, ವರ್ನ್ ಬರ್ತಾ ಬರ್ತಾ ಸ್ಕೂಲ್ ಕಾರಿಡಾರಲ್ಲಿ ಎದುರಾಗೋ ಇನ್ನೆರಡು ಮುಖ ಆಗ್ಬಿಡ್ತಾರೆ. ಜಗಳ ಇಲ್ಲ, ಮನಸ್ತಾಪ ಇಲ್ಲ, ಸುಮ್ನೆ ದೂರ ಆಗ್ತಾರೆ. ಸಿನಿಮಾ ಇದನ್ನ ದೊಡ್ಡ ದುರಂತ ಮಾಡಲ್ಲ, ಅದು ನಂಗೆ ತುಂಬಾ ಹಿಡಿಸುತ್ತೆ, ವರ್ನ್ ಮದುವೆ ಆಗಿ ನಾಲ್ಕು ಮಕ್ಕಳ ಅಪ್ಪ ಆಗಿ ಮರದ ಮಂಡಿಲಿ ಫೋರ್ಕ್‌ಲಿಫ್ಟ್ ಓಡಿಸ್ತಾನೆ, ಟೆಡ್ಡಿ ಸೈನ್ಯ ಸೇರೋಕೆ ಹೋದ್ರೆ ಕಣ್ಣು ಕಿವಿ ಸರಿ ಇಲ್ಲ ಅಂತ ವಾಪಸ್ ಕಳಿಸ್ತಾರೆ. ಅಪ್ಪ ಸುಟ್ಟ ಕಿವಿನೇ ಅಪ್ಪನ ಹಾಗೆ ಸೈನಿಕ ಆಗೋ ದಾರಿಗೆ ಅಡ್ಡ ಬಂತು, ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗ್ಬಿಡ್ತಾರೆ, ಕೇಳಿಸ್ಕೊಂಡೋರಿಗೆ ಕೇಳಿಸ್ತು. ಮೂಲ ಕಥೇಲಿ ಇವರಿಬ್ರೂ ಚಿಕ್ಕ ವಯಸ್ಸಲ್ಲೇ ಸಾಯ್ತಾರೆ, ಸಿನಿಮಾ ಬದುಕಿಸಿದೆ. ದೂರ ಆದ ಗೆಳೆಯರು ಸಾಮಾನ್ಯವಾಗಿ ಸತ್ತಿರಲ್ಲ, ಎಲ್ಲೋ ಕೆಲಸ ಮಾಡ್ಕೊಂಡು ಇರ್ತಾರೆ, ನಿಜ ಇರೋದೇ ಹಾಗೆ.

ಕ್ರಿಸ್ ಮಾತ್ರ ಇಲ್ಲ. ಕಾಲೇಜ್ ಕೋರ್ಸ್ ತಗೊಂಡ, ಕಷ್ಟ ಪಟ್ಟು ಓದ್ದ, ಆ ಊರಿಂದ ಆಚೆ ಬಂದ, ಲಾಯರ್ ಆದ. ಆಮೇಲೊಂದಿನ ಒಂದು ಹೋಟೆಲಲ್ಲಿ ಇಬ್ರು ಜಗಳ ಆಡ್ತಿದ್ದಾಗ ಬಿಡ್ಸೋಕೆ ಹೋಗಿ ಕತ್ತಿಗೆ ಚಾಕು ಬಿತ್ತು. ಹನ್ನೆರಡರಲ್ಲಿ ಏನು ಮಾಡ್ತಿದ್ನೋ ಅದನ್ನೇ ಮಾಡ್ತಾ ಹೋದ, ನಡುವೆ ನಿಂತು. ತೆರೆ ಮೇಲೆ ಆ ಹುಡುಗ ಕೈ ಬೀಸಿ ನಡೆದು ಹೋಗ್ತಾ ಹಾಗೇ ಮಾಯ ಆಗ್ತಾನೆ. ಅದನ್ನ ಮಾಡಿದ ರಿವರ್ ಫೀನಿಕ್ಸ್ 1993ರ ಅಕ್ಟೋಬರ್ 31ರಂದು, 23ನೇ ವಯಸ್ಸಲ್ಲಿ, ಲಾಸ್ ಏಂಜಲೀಸ್‌ನಲ್ಲಿ ತೀರ್ಕೊಂಡ. 1986ರಲ್ಲಿ ಥಿಯೇಟರಲ್ಲಿ ನೋಡಿದೋರಿಗೆ ಆ ದೃಶ್ಯ ಒಂದು ಪಾತ್ರದ ಸಾವು, ನಾವು ಈಗ ನೋಡೋವಾಗ ಎರಡು ಸಾವನ್ನ ಒಟ್ಟಿಗೆ ನೋಡ್ತೀವಿ, ಬೇರೆ ಮಾಡ್ಕೊಂಡು ನೋಡೋಕೆ ಆಗಲ್ಲ.

ಅದಕ್ಕೇ, ಕೊನೇ ಸಾಲಿಗಿಂತ ಅದರ ಹಿಂದೆ ಮುಂದೆ ಬರೋದು ನಂಗೆ ಮುಖ್ಯ. ಟೈಪ್ ಮಾಡ್ತಿರೋ ದೊಡ್ಡ ಗಾರ್ಡಿ (ರಿಚರ್ಡ್ ಡ್ರೈಫಸ್) ಈಗ ಒಬ್ಬ ಅಪ್ಪ. ಮಗ, ಮಗನ ಗೆಳೆಯ ಈಜೋಕೆ ಹೋಗ್ಬೇಕು ಅಂತ ತುಂಬಾ ಹೊತ್ತಿಂದ ಕಾಯ್ತಿದಾರೆ, ಅಪ್ಪ ಬರೆಯೋವಾಗ ಹೀಗೇ ಆಡೋದು ಅಂತ ಮಗ ಗೆಳೆಯನಿಗೆ ಹೇಳ್ತಾನೆ. ಅಂದ್ರೆ ಈ ಮಗನಿಗೆ ಅಪ್ಪ ಏನು ಮಾಡ್ತಾನೆ ಅಂತ ಗೊತ್ತು, ಅಪ್ಪಂಗೆ ಮಗನ ಗೆಳೆಯ ಯಾರು ಅಂತ ಗೊತ್ತು. ಆ ಮನೇಲಿ ಅದು ಎಷ್ಟು ಮಾಮೂಲಿ ಆಗ್ಬಿಟ್ಟಿದೆ ಅಂದ್ರೆ ಮಗ ಬಾಗಿಲಲ್ಲಿ ನಿಂತು ಅಪ್ಪನ್ನ ಆಡ್ಕೋಬಹುದು, ಅಪ್ಪ ಬೇಜಾರು ಮಾಡ್ಕೊಳ್ದೆ ಎದ್ದು ಬರ್ತಾನೆ. ಕಳ್ಳ, ಪೆದ್ದರು ಅಂತ ಮಗನ ಗೆಳೆಯರನ್ನ ಬೈದ ಮನೇಲಿ ಬೆಳೆದ ಹುಡುಗ ಇಂಥ ಅಪ್ಪ ಆಗೋದನ್ನ ಎಲ್ಲಿ ಕಲಿತ ಅಂತ ಕೇಳಿದ್ರೆ, ಅವನಿಗೆ ಹಾಗಿರೋದನ್ನ ತೋರ್ಸಿಕೊಟ್ಟೋರು ಇಬ್ರೇ: ಅಣ್ಣ ಡೆನ್ನಿ, ಗೆಳೆಯ ಕ್ರಿಸ್ ಚೇಂಬರ್ಸ್.